ಸವೆಯುವ ಸ್ಮೃತಿಗೆ ಅಳತೆಗೋಲು

1901ನೆಯ ಇಸವಿಯ ನವೆಂಬರ್ 26ರಂದು, ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮನೋರೋಗಿಗಳ ಆಸ್ಪತ್ರೆಯಲ್ಲಿ, ಆಲೋಯಿಸ್ ಆಲ್ಝೈಮರ್ ಎಂಬ 37 ವರ್ಷದ ವೈದ್ಯನು, ಹಿಂದಿನ ದಿನವಷ್ಟೇ ಅಲ್ಲಿಗೆ ಬಂದು ಸೇರಿದ್ದ ಹೆಂಗಸೊಬ್ಬಳನ್ನು ಮಾತನಾಡಿಸುತ್ತ, ತಾನು ಕೇಳಿದ ಪ್ರಶ್ನೆಗಳನ್ನೂ ಆಕೆ ಕೊಟ್ಟ ಉತ್ತರಗಳನ್ನೂ ಬಿಡದೆ ಬರೆದುಕೊಳ್ಳತೊಡಗಿದನು. ಆಕೆಯ ಹೆಸರು ಔಗುಸ್ಟೆ ಡೀಟರ್, ವಯಸ್ಸು 51, ಗಂಡ ರೈಲ್ವೆ ಕಚೇರಿಯಲ್ಲಿ ಗುಮಾಸ್ತ. ಆ ವರ್ಷದ ಆದಿಯಲ್ಲಿ ಆಕೆಗೆ ಗಂಡನ ಮೇಲೆ ನಿಷ್ಕಾರಣವಾದ ಸಂಶಯ ಹುಟ್ಟಿತು. ಬಳಿಕ ಅಡಿಗೆ ಕೆಡತೊಡಗಿತು. ಮನೆಯ ಸಾಮಾನುಗಳನ್ನು ಎಲ್ಲೆಲ್ಲೋ ಬಚ್ಚಿಡುವುದು, ಕೋಣೆಯಿಂದ ಕೋಣೆಗೆ ಗೊತ್ತುಗುರಿಯಿಲ್ಲದೆ ಅಲೆಯುವುದು, ಪರಿಚಿತರನ್ನು ಕಂಡು ಹೆದರುವುದು ಮೊದಲಾಯಿತು. ಇನ್ನು ಮನೆಯಲ್ಲಿಟ್ಟುಕೊಂಡು ನಿಭಾಯಿಸುವುದು ಅಸಾಧ್ಯವೆಂದು ತೋರಿದಾಗ ಆಕೆಯನ್ನು ಆಸ್ಪತ್ರೆಗೆ ಸೇರಿಸಲಾಯಿತು.

ಹೆಸರೇನೆಂದು ಕೇಳಿದ್ದಕ್ಕೆ ಆಕೆ ಔಗುಸ್ಟೆ ಎಂದಳು. ಮನೆತನದ ಹೆಸರನ್ನು ಕೇಳಿದಾಗಲೂ ಔಗುಸ್ಟೆ ಎಂದಳು. ಗಂಡನ ಹೆಸರನ್ನು ಕೇಳಿದಾಗ, ಅದೂ ಔಗುಸ್ಟೆ ಇರಬೇಕೆಂದಳು. ಪೆನ್ಸಿಲು, ಲೇಖನಿ, ಬೀಗದ ಕೈ, ಚುರುಟು ಇವನ್ನು ತೋರಿಸಿದರೆ ಒಂದನ್ನೂ ತಪ್ಪದೆ ಹೆಸರಿಸಿದಳು. ಆದರೆ ಕೊಂಚ ಹೊತ್ತು ಕಳೆದ ಮೇಲೆ, ಆಗಲೇ ತೋರಿಸಿದ್ದು ಏನೇನು ಎಂದು ಕೇಳಿದರೆ ಆಕೆಗೆ ನೆನಪಿಲ್ಲ. ಮಧ್ಯಾಹ್ನದ ಊಟಕ್ಕೆ ಹೂಕೋಸನ್ನೂ ಹಂದಿಯ ಮಾಂಸವನ್ನೂ ತಿನ್ನುತ್ತಿದ್ದವಳು, ಏನು ತಿನ್ನುತ್ತಿರುವೆಯೆಂದು ಕೇಳಿದ್ದಕ್ಕೆ ಪಾಲಕ್ ಸೊಪ್ಪೆಂದಳು. ತನ್ನ ಹೆಸರನ್ನು ಬರೆಯೆಂದು ಕಾಗದ ಕೊಟ್ಟಾಗ, ಹೆಸರಿನ ಹಿಂದೆ ಬರುವ ಗೌರವಸೂಚಕವನ್ನಷ್ಟೇ ಬರೆದು, ಮುಂದಿನದನ್ನು ಮರೆತಳು; ಒಂದೊಂದು ಪದವನ್ನೂ ವೈದ್ಯನು ಮತ್ತೆ ಮತ್ತೆ ಹೇಳಿಕೊಡಬೇಕಾಯಿತು. ತಾನು ತನ್ನನ್ನೇ ಕಳೆದುಕೊಂಡಿರುವೆನೆಂದು ಆಕೆ ಹೇಳಿದ್ದೂ ಆ ಕಡತದಲ್ಲಿ ದಾಖಲಾಗಿದೆ.

ಆ ಕಾಲದ ಎಷ್ಟೋ ಆಸ್ಪತ್ರೆಗಳಲ್ಲಿ ಇಂತಹ ರೋಗಿಯ ವಿಷಯವಾಗಿ ಬುದ್ಧಿಭ್ರಮಣೆಯೆಂಬ ಒಂದು ಮಾತನ್ನು ಬರೆದು ಮುಗಿಸುತ್ತಿದ್ದರು. ಆಲ್ಝೈಮರ್ ಹಾಗೆ ಮಾಡಲಿಲ್ಲ. ಯಾವುದು ಹೋಗಿದೆ, ಯಾವುದು ಇನ್ನೂ ಉಳಿದಿದೆ ಎಂಬುದನ್ನು ವಿಂಗಡಿಸಿ ನೋಡಿದನು. ವಸ್ತುವಿನ ಹೆಸರು ಗೊತ್ತಿದ್ದರೂ ಅದನ್ನು ಕಂಡದ್ದು ನೆನಪಿಲ್ಲವೆಂಬ ಸೂಕ್ಷ್ಮವನ್ನು ಗುರುತಿಸಿದನು. ಮುಂದಿನ ದಿನಗಳಲ್ಲಿ ಮತ್ತೆ ಬಂದು ಮತ್ತೆ ಕೇಳಿದನು. ಅಲ್ಲಿ ಅಂಕಗಳಿಲ್ಲ, ಮೊತ್ತವಿಲ್ಲ, ಕೋಷ್ಟಕವಿಲ್ಲ. ಆದರೂ ಸ್ಮೃತಿಯ ಸವೆತವನ್ನು ಅಳೆಯಲು ಮುಂದೆ ಹುಟ್ಟಿದ ಪ್ರಶ್ನಾವಳಿಗಳ ಬಹುಭಾಗವು ಬೀಜರೂಪದಲ್ಲಿ ಆ ಹಾಳೆಗಳಲ್ಲಿದೆಯೆಂದು ನಾನು ತಿಳಿದಿದ್ದೇನೆ.

ಔಗುಸ್ಟೆ 1906ನೆಯ ಏಪ್ರಿಲ್ 8ರಂದು ಅದೇ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆಗ ಮ್ಯೂನಿಕ್ ನಗರದಲ್ಲಿ ಎಮಿಲ್ ಕ್ರೇಪೆಲಿನ್ ಎಂಬ ಪ್ರಸಿದ್ಧ ಮನೋವೈದ್ಯನ ಬಳಿಯಿದ್ದ ಆಲ್ಝೈಮರ್, ಆಕೆಯ ಮಿದುಳನ್ನೂ ಕಡತವನ್ನೂ ತರಿಸಿಕೊಂಡು ಸೂಕ್ಷ್ಮದರ್ಶಕದ ಅಡಿಯಲ್ಲಿ ಪರೀಕ್ಷಿಸಿ, ತಾನು ಕಂಡ ಮಚ್ಚೆಗಳನ್ನೂ ಗಂಟುಬಿದ್ದ ನಾರುಗಳನ್ನೂ ಅದೇ ವರ್ಷದ ನವೆಂಬರ್ 3ರಂದು ಟ್ಯೂಬಿಂಗೆನ್ನಿನ ವೈದ್ಯಸಭೆಯಲ್ಲಿ ವಿವರಿಸಿದನು. ಸಭೆಯಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ. 1910ರಲ್ಲಿ ಕ್ರೇಪೆಲಿನ್ ತನ್ನ ಪಠ್ಯಗ್ರಂಥದಲ್ಲಿ ಈ ರೋಗಕ್ಕೆ ಶಿಷ್ಯನ ಹೆಸರನ್ನಿಟ್ಟನು. ಮಿದುಳಿನ ಚಿತ್ರಗಳು ಗ್ರಂಥದಿಂದ ಗ್ರಂಥಕ್ಕೆ ಸಾಗಿ ಲೋಕಪ್ರಸಿದ್ಧವಾದವು. ಪ್ರಶ್ನೋತ್ತರದ ಹಾಳೆಗಳು ಮಾತ್ರ ಎಲ್ಲಿಯೋ ಸೇರಿಹೋಗಿ, 1995ರ ಡಿಸೆಂಬರಿನಲ್ಲಿ ಫ್ರಾಂಕ್‌ಫರ್ಟಿನ ವೈದ್ಯ ಕೊನ್ರಾಡ್ ಮೌರೆರ್ ಮತ್ತು ಅವರ ಸಂಗಡಿಗರ ಕೈಗೆ ಸಿಕ್ಕುವವರೆಗೂ ಕಾಣದಾಗಿದ್ದವು. ಸತ್ತ ಮೇಲಿನ ಮಿದುಳು ನೆನಪಿನಲ್ಲಿ ಉಳಿದು, ಬದುಕಿದ್ದಾಗಿನ ಮಾತು ಕಳೆದುಹೋದ ಈ ಘಟನೆಯಲ್ಲಿ, ಮುಂದಿನ ಅರ್ಧ ಶತಮಾನದ ವೈದ್ಯಶಾಸ್ತ್ರದ ಮನೋಧರ್ಮವೇ ಪ್ರತಿಬಿಂಬಿತವಾಗಿದೆ.

ಅರವತ್ತಕ್ಕೆ ಅರಳುಮರಳು ಎಂದು ನಮ್ಮಲ್ಲಿ ಹೇಳುತ್ತಾರಷ್ಟೆ. ಯುರೋಪಿನ ವೈದ್ಯರ ಭಾವನೆಯೂ ಬಹುಕಾಲ ಹೆಚ್ಚುಕಡಮೆ ಇದೇ ಆಗಿತ್ತು. ಮುದಿತನವೆಂದ ಮೇಲೆ ಬುದ್ಧಿ ಮಂಕಾಗುವುದು ಸ್ವಾಭಾವಿಕ, ರಕ್ತನಾಳಗಳು ಗಡುಸಾಗುತ್ತವೆ, ಮಿದುಳು ಸೊರಗುತ್ತದೆ, ಇದರಲ್ಲಿ ಅಳೆಯುವುದಕ್ಕೇನಿದೆ? ಆಲ್ಝೈಮರನ ರೋಗವೆಂದರೆ ನಡುವಯಸ್ಸಿನಲ್ಲಿ ಅಪರೂಪವಾಗಿ ಬರುವ ವಿಚಿತ್ರ ವ್ಯಾಧಿಯೆಂದೂ, ಮುಪ್ಪಿನ ಮರೆವು ಬೇರೆಯೇ ಎಂದೂ ಬಗೆದು, ಲಕ್ಷಾಂತರ ವೃದ್ಧರನ್ನು ಆಸ್ಪತ್ರೆಗಳ ಹಿಂದಿನ ವಾರ್ಡುಗಳಲ್ಲಿ ಕೂಡಿಹಾಕಿದರು. ಖಿನ್ನತೆಯಿಂದ ಮಾತು ಬಿಟ್ಟ ಮುದುಕಿಯೂ ನಿಜವಾಗಿ ಸ್ಮೃತಿ ಅಳಿದ ಮುದುಕಿಯೂ ಅಲ್ಲಿ ಅಕ್ಕಪಕ್ಕದ ಹಾಸಿಗೆಗಳಲ್ಲಿದ್ದರು. ಒಬ್ಬಳು ಗುಣವಾಗಬಲ್ಲವಳು, ಇನ್ನೊಬ್ಬಳು ಆಗಲಾರಳು ಎಂಬ ಭೇದವನ್ನು ಕಾಣುವವರು ವಿರಳರಾಗಿದ್ದರು.

ಈ ಭೇದವನ್ನು ಸ್ಪಷ್ಟವಾಗಿ ತೋರಿಸಿದವನು ಮಾರ್ಟಿನ್ ರಾತ್. ಬುಡಾಪೆಸ್ಟಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ಈ ಮನೋವೈದ್ಯನು, ಚಿಚೆಸ್ಟರಿನ ಗ್ರೇಲಿಂಗ್‌ವೆಲ್ ಆಸ್ಪತ್ರೆಗೆ ಬಂದ ವೃದ್ಧರೋಗಿಗಳನ್ನು ಲಕ್ಷಣಾನುಸಾರವಾಗಿ ಗುಂಪುಗಳಾಗಿ ವಿಂಗಡಿಸಿ, ಅವರು ಆರು ತಿಂಗಳ ಮೇಲೆ ಹೇಗಿದ್ದರು, ಎರಡು ವರ್ಷಗಳ ಮೇಲೆ ಹೇಗಿದ್ದರು ಎಂದು ಲೆಕ್ಕ ತೆಗೆದು 1955ರಲ್ಲಿ ಪ್ರಕಟಿಸಿದನು. ಖಿನ್ನತೆಯವರಲ್ಲಿ ಬಹುಮಂದಿ ಅಷ್ಟರಲ್ಲಿ ಮನೆಗೆ ಮರಳಿದ್ದರು. ಸ್ಮೃತಿಕ್ಷಯದವರಲ್ಲಿ ಬಹುಪಾಲು ತೀರಿಹೋಗಿದ್ದರು. ದಾಖಲಾದ ದಿನ ಒಂದೇ ಬಗೆಯಾಗಿ ಕಂಡವರನ್ನು ಕಾಲವು ಬೇರ್ಪಡಿಸಿತ್ತು. ರೋಗದ ಸ್ವರೂಪವು ಒಂದು ದಿನದ ನೋಟಕ್ಕೆ ಸಿಕ್ಕದೆ ಅದರ ಗತಿಯಲ್ಲಿ ಮಾತ್ರ ಪ್ರಕಟವಾಗುವುದೆಂಬ ಅರಿವು ಇಲ್ಲಿಂದ ಬೇರೂರಿತು.

ಮುಂದೆ ರಾತ್ ನ್ಯೂಕ್ಯಾಸಲ್ ನಗರಕ್ಕೆ ಪ್ರಾಧ್ಯಾಪಕನಾಗಿ ಬಂದನು. ಇಂಗ್ಲೆಂಡಿನ ಈಶಾನ್ಯದಲ್ಲಿ, ಕಲ್ಲಿದ್ದಲಿಗೂ ಹಡಗು ಕಟ್ಟುವ ಕೆಲಸಕ್ಕೂ ಹೆಸರಾಗಿದ್ದ ಆ ಶ್ರಮಿಕರ ಊರಿನಲ್ಲಿ ಆತನಿಗೆ ಇಬ್ಬರು ಸಹೋದ್ಯೋಗಿಗಳು ದೊರೆತರು: ಒಬ್ಬ ಗ್ಯಾರಿ ಬ್ಲೆಸ್ಡ್, ಮನೋವೈದ್ಯ, ಇನ್ನೊಬ್ಬ ಬರ್ನಾರ್ಡ್ ಟಾಮ್ಲಿನ್ಸನ್, ಶವಪರೀಕ್ಷೆಯಲ್ಲಿ ನುರಿತ ರೋಗಶಾಸ್ತ್ರಜ್ಞ. ಇವರು ಮಾಡಬೇಕೆಂದುಕೊಂಡ ಕೆಲಸ ಕೇಳಲು ಸರಳ, ಮಾಡಲು ದುಷ್ಕರ. ವೃದ್ಧನು ಬದುಕಿರುವಾಗ ಅವನ ಬುದ್ಧಿಯ ಹಾನಿ ಎಷ್ಟೆಂಬುದಕ್ಕೆ ಒಂದು ಸಂಖ್ಯೆಯನ್ನು ಕೊಡಬೇಕು. ಅವನು ತೀರಿದ ಮೇಲೆ ಅವನ ಮಿದುಳಿನಲ್ಲಿ ಆಲ್ಝೈಮರ್ ವರ್ಣಿಸಿದ ಮಚ್ಚೆಗಳು ಎಷ್ಟಿವೆಯೆಂದು ಎಣಿಸಬೇಕು. ಬಳಿಕ ಎರಡು ಸಂಖ್ಯೆಗಳನ್ನೂ ಹೋಲಿಸಬೇಕು.

ಬದುಕಿರುವಾಗಿನ ಸಂಖ್ಯೆಗಾಗಿ ಅವರು ಎರಡು ಸಾಧನಗಳನ್ನು ರಚಿಸಿದರು. ಮೊದಲನೆಯದು ರೋಗಿಯನ್ನೇ ಕೇಳುವ ಪ್ರಶ್ನೆಗಳು. ಇಂದು ಯಾವ ವಾರ, ಯಾವ ತಿಂಗಳು, ಮಹಾಯುದ್ಧಗಳು ನಡೆದದ್ದು ಯಾವಾಗ, ಈಗಿನ ಪ್ರಧಾನಮಂತ್ರಿ ಯಾರು. ವರ್ಷದ ತಿಂಗಳುಗಳನ್ನು ಹಿಂದುಮುಂದಾಗಿ ಹೇಳಿರಿ. 20ರಿಂದ 1ರವರೆಗೆ ಇಳಿಯೆಣಿಸಿರಿ. ಇವುಗಳ ನಡುವೆ ಜಾನ್ ಬ್ರೌನ್ ಎಂಬ ಕಲ್ಪಿತ ಮನುಷ್ಯನ ವಿಳಾಸವೊಂದನ್ನು ಹೇಳಿಕೊಟ್ಟು, ಐದು ನಿಮಿಷದ ಮೇಲೆ ಅದನ್ನು ಮತ್ತೆ ಹೇಳೆಂದು ಕೇಳುತ್ತಿದ್ದರು. ಅವನ ಮನೆ ಟೈನ್ ನದಿಯಾಚೆಯ ಗೇಟ್ಸ್‌ಹೆಡ್ಡಿನಲ್ಲಿ, ವೆಸ್ಟ್ ಸ್ಟ್ರೀಟಿನ 42ನೆಯದು. ಆ ಊರಿನವರಿಗೆ ಕೇಳಿ ಬಲ್ಲ ಬೀದಿಯ ಹೆಸರನ್ನೇ ಆರಿಸಿಕೊಂಡದ್ದು ಗಮನಿಸತಕ್ಕದ್ದು. ಎರಡನೆಯ ಸಾಧನವು ರೋಗಿಯನ್ನು ಏನನ್ನೂ ಕೇಳದು. ಅದು ಮನೆಯವರನ್ನು ಕೇಳುವುದು. ಕಳೆದ ಆರು ತಿಂಗಳಲ್ಲಿ ಈಕೆ ಮನೆಗೆಲಸ ಮಾಡಬಲ್ಲವಳಾಗಿದ್ದಳೇ? ಚಿಲ್ಲರೆ ಹಣದ ಲೆಕ್ಕ ನೋಡಬಲ್ಲಳೇ? ತಿಳಿದ ಬೀದಿಯಲ್ಲಿ ದಾರಿ ತಪ್ಪುವಳೇ? ಉಣ್ಣುವಾಗ, ಉಡುವಾಗ ಕೈ ಹಿಡಿದು ನಡೆಸಬೇಕೇ? ಹೀಗೆ ಬಂದ ಅಂಕಗಳನ್ನು ಕೂಡಿದರೆ ಸೊನ್ನೆಯಿಂದ 28ರವರೆಗೆ ಒಂದು ಮೊತ್ತ. ಮೊತ್ತ ಏರಿದಷ್ಟೂ ಸ್ಥಿತಿ ಕೆಟ್ಟಿದೆಯೆಂದರ್ಥ.

1968ರಲ್ಲಿ ಈ ಮೂವರು ಪ್ರಕಟಿಸಿದ ಲೇಖನವು ಮುಪ್ಪಿನ ವೈದ್ಯಶಾಸ್ತ್ರದ ಗತಿಯನ್ನು ತಿರುಗಿಸಿತು. ಬದುಕಿದ್ದಾಗಿನ ಅಂಕ ಕೆಟ್ಟಷ್ಟೂ ಮಿದುಳಿನ ಮಚ್ಚೆಗಳು ಹೆಚ್ಚಾಗಿದ್ದುವು. ಎಂದರೆ, ಮುಪ್ಪಿನ ಮರೆವೆಂದು ಕೈಬಿಟ್ಟಿದ್ದುದು ಕೇವಲ ಮುಪ್ಪಲ್ಲ. ಔಗುಸ್ಟೆಯನ್ನು ಕೊಂದ ರೋಗವೇ ಅದು. ಈ ತೀರ್ಮಾನವನ್ನು ಎಲ್ಲರೂ ಸ್ಮರಿಸುತ್ತಾರೆ. ಆದರೆ ಅದೇ ಲೇಖನದ ಒಡಲಲ್ಲಿ ಇನ್ನೊಂದು ವಿಷಯವಿದೆ. ನನ್ನ ಮಟ್ಟಿಗೆ ಅದರ ಬೆಲೆ ಕಡಮೆಯದಲ್ಲ. ಮಿದುಳಿನ ಮಚ್ಚೆಗಳ ಎಣಿಕೆಗೆ, ರೋಗಿಯು ತಾನೇ ಕೊಟ್ಟ ಉತ್ತರಗಳ ಅಂಕಕ್ಕಿಂತ, ಮನೆಯವರ ಮಾತಿನಿಂದ ಬಂದ ಅಂಕವೇ ಹೆಚ್ಚು ನಿಕಟವಾಗಿ ಹೊಂದಿಕೊಂಡಿತ್ತು. ಪರೀಕ್ಷಕನ ಮುಂದೆ ಕುಳಿತ ಅರ್ಧ ಗಂಟೆಗಿಂತ, ಜೊತೆಯಲ್ಲಿ ಬಾಳಿದವರು ಆರು ತಿಂಗಳು ಕಂಡದ್ದು ಸತ್ಯಕ್ಕೆ ಹೆಚ್ಚು ಹತ್ತಿರವಾಗಿತ್ತು.

ಮುಂದಿನ ಹೆಜ್ಜೆ ಅಮೆರಿಕದ್ದು. ನ್ಯೂಯಾರ್ಕಿನ ಸಮೀಪದ ವೈಟ್ ಪ್ಲೇನ್ಸ್ ಊರಿನ ಆಸ್ಪತ್ರೆಯಲ್ಲಿದ್ದ ಮಾರ್ಷಲ್ ಫೋಲ್‌ಸ್ಟೀನ್, ಸೂಸನ್ ಫೋಲ್‌ಸ್ಟೀನ್ ದಂಪತಿಗಳೂ ಪಾಲ್ ಮೆಕ್‌ಹ್ಯೂ ಎಂಬವರೂ ಕೂಡಿ, 1975ರಲ್ಲಿ ‘ಮಿನಿ ಮೆಂಟಲ್ ಸ್ಟೇಟ್’ ಎಂಬ ಪುಟ್ಟ ಪರೀಕ್ಷೆಯನ್ನು ಪ್ರಕಟಿಸಿದರು. ಅದುವರೆಗಿನ ಬುದ್ಧಿಪರೀಕ್ಷೆಗಳು ದೀರ್ಘವಾದುವು. ಬಳಲಿದ ವೃದ್ಧನು ಅಷ್ಟು ಹೊತ್ತು ಕುಳಿತಿರಲಾರನು. ಇದಾದರೋ ಐದು ಹತ್ತು ನಿಮಿಷಗಳಲ್ಲಿ ಮುಗಿಯುವಂಥದು. ಒಟ್ಟು ಅಂಕ 30. ಕಾಲದೇಶಗಳ ಅರಿವಿಗೆ 10. ಮೂರು ಪದಗಳನ್ನು ಕೇಳಿ ಹೇಳಲು 3, ಅವನ್ನೇ ಆಮೇಲೆ ನೆನೆಯಲು 3. ನೂರರಿಂದ ಏಳೇಳನ್ನು ಕಳೆಯುತ್ತ 93, 86, 79, 72, 65 ಎಂದು ಇಳಿಯಲು 5. ಉಳಿದವು ಪೆನ್ಸಿಲು ಕೈಗಡಿಯಾರಗಳನ್ನು ಹೆಸರಿಸಲು, ಹೇಳಿದ ಮಾತನ್ನು ಮರುನುಡಿಯಲು, ಹೇಳಿದಂತೆ ಕಾಗದವನ್ನು ಮಡಿಸಿಡಲು, ಓದಲು, ಬರೆಯಲು, ಒಂದರೊಳಗೊಂದು ಹೊಕ್ಕ ಎರಡು ಪಂಚಕೋನಗಳನ್ನು ನೋಡಿ ಬರೆಯಲು. ರೋಗನಿರ್ಣಯ ಮಾಡುವುದು ಇದರ ಉದ್ದೇಶವಾಗಿರಲಿಲ್ಲ. ರೋಗಿಯ ಸ್ಥಿತಿಗೆ ಒಂದು ದರ್ಜೆಯನ್ನು ಕೊಟ್ಟು, ಮತ್ತೊಮ್ಮೆ ಕಂಡಾಗ ಅದರೊಡನೆ ಹೋಲಿಸುವುದೇ ಉದ್ದೇಶವಾಗಿದ್ದಿತು. ಸುಲಭವೂ ಶೀಘ್ರವೂ ಆದ ಕಾರಣ ಅದು ಕೆಲವೇ ವರ್ಷಗಳಲ್ಲಿ ಲೋಕದ ಆಸ್ಪತ್ರೆಗಳನ್ನೆಲ್ಲ ವ್ಯಾಪಿಸಿತು.

ವ್ಯಾಪಿಸಿದ ಮೇಲೆ ಅದರ ಕುಂದುಗಳೂ ಕಂಡುಬಂದುವು. ಆಲ್ಝೈಮರ್ ರೋಗಿಗಳು ಸರಾಸರಿ ವರ್ಷಕ್ಕೆ ಸುಮಾರು ಮೂರು ಅಂಕಗಳಷ್ಟು ಇಳಿಯುವರೆಂದು ಹಲವು ಕಡೆ ಲೆಕ್ಕ ಸಿಕ್ಕಿತು. ಆದರೆ ಹಿಂದಿನ ರಾತ್ರಿ ನಿದ್ರೆಯಿಲ್ಲದಿದ್ದರೆ, ಮೈ ಬೆಚ್ಚಗಿದ್ದರೆ, ಕನ್ನಡಕವನ್ನು ಮನೆಯಲ್ಲಿ ಮರೆತು ಬಂದಿದ್ದರೆ, ಪರೀಕ್ಷಕನು ತುಸು ಗಡುಸಾಗಿ ಮಾತನಾಡಿದರೆ, ಅಷ್ಟೇ ಅಂಕಗಳು ಒಂದೇ ವಾರದಲ್ಲಿಯೂ ಏರಿಳಿಯಬಹುದು. ಹಾಗಾದರೆ ವರ್ಷಕ್ಕೊಮ್ಮೆ ಅಳೆದಾಗ ಕಂಡ ಇಳಿತವು ರೋಗದ್ದೋ ದಿನದ್ದೋ? ಇನ್ನು, ಒಂದೇ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳಿದಾಗ, ರೋಗದ ಆರಂಭದಲ್ಲಿರುವವರು ಪ್ರಶ್ನೆಗಳಿಗೆ ಪಳಗಿ, ಬುದ್ಧಿ ಇಳಿಯುತ್ತಿದ್ದರೂ ಅಂಕವನ್ನು ಉಳಿಸಿಕೊಳ್ಳುತ್ತಾರೆ. ವಿದ್ಯಾವಂತನಾದ ಪ್ರಾಧ್ಯಾಪಕನು, ತನ್ನ ಮನೆಯವರ ಕಣ್ಣೆದುರಿಗೇ ಕುಸಿಯುತ್ತಿರುವಾಗಲೂ, 30ಕ್ಕೆ 30 ಪಡೆದು ಹೊರಗೆ ಬರಬಹುದು. ಎಲ್ಲವನ್ನೂ ಕಳೆದುಕೊಂಡು ಸೊನ್ನೆಗಿಳಿದವನಲ್ಲಿ ಇನ್ನೂ ಆಗುವ ಹಾನಿಯನ್ನು ತೋರಿಸಲು ಆ ಕೋಲಿನಲ್ಲಿ ಗೀಟುಗಳೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ಕುಂದು ಶಾಲೆಯದು. 1993ರಲ್ಲಿ ಅಮೆರಿಕದ 18,056 ಮಂದಿಯ ಅಂಕಗಳನ್ನು ವಯಸ್ಸಿಗೂ ವಿದ್ಯೆಗೂ ಅನುಸಾರವಾಗಿ ಬಿಡಿಸಿ ನೋಡಿದಾಗ, ಒಂಬತ್ತು ವರ್ಷವೋ ಅದಕ್ಕೆ ಹೆಚ್ಚೋ ಓದಿದವರ ನಡುಮಟ್ಟದ ಅಂಕ 29, ಐದರಿಂದ ಎಂಟು ವರ್ಷ ಓದಿದವರದು 26, ನಾಲ್ಕು ವರ್ಷಕ್ಕೆ ಮೀರದೆ ಓದಿದವರದು 22 ಎಂದು ತಿಳಿದುಬಂತು. ಆ ಹೊತ್ತಿಗೆ 24ಕ್ಕಿಂತ ಕಡಮೆ ಬಂದರೆ ಬುದ್ಧಿಹಾನಿಯನ್ನು ಸಂಶಯಿಸಬೇಕೆಂಬ ರೂಢಿ ನೆಲೆಗೊಂಡಿತ್ತು. ಎಂದರೆ, ಬಡತನದಿಂದ ಶಾಲೆಯನ್ನು ಬಿಟ್ಟ ಆರೋಗ್ಯವಂತನು ರೋಗಿಯಾಗಿ ಕಾಣುವನು. ಪರೀಕ್ಷೆಯು ಅವನ ಇಂದಿನ ಸ್ಮೃತಿಯನ್ನು ಅಳೆಯುತ್ತಿರುವಂತೆ ತೋರಿದರೂ, ಅವನ ಬಾಲ್ಯದ ಶಾಲೆಯನ್ನೂ ಜೊತೆಗೆ ಅಳೆಯುತ್ತಿತ್ತು.

ಇದಕ್ಕೆ ಮದ್ದು ಬೇರೊಂದು ದಿಕ್ಕಿನಿಂದ ಆಗಲೇ ಬಂದಿದ್ದಿತು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾಲಯದ ನರವೈದ್ಯ ಲೆನಾರ್ಡ್ ಬರ್ಗ್ ಮತ್ತು ಅವರ ಜೊತೆಗಾರರು 1982ರಲ್ಲಿ ಹೊಸದೊಂದು ಮಾನವನ್ನು ಪ್ರಕಟಿಸಿದ್ದರು. ಇದರಲ್ಲಿ ಮೊದಲು ಮನೆಯವರೊಬ್ಬರನ್ನು ಬೇರೆಯಾಗಿ ಕೂರಿಸಿಕೊಂಡು ಮಾತನಾಡಿಸುತ್ತಾರೆ. ಕಳೆದ ವಾರ, ಕಳೆದ ತಿಂಗಳು ಮನೆಯಲ್ಲಿ ಏನು ವಿಶೇಷ ನಡೆಯಿತು? ಯಾರು ಬಂದಿದ್ದರು? ಎಲ್ಲಿಗೆ ಹೋಗಿದ್ದಿರಿ? ವಿವರಗಳನ್ನು ಬರೆದುಕೊಂಡು, ಬಳಿಕ ರೋಗಿಯನ್ನು ಒಳಗೆ ಕರೆದು ಅವೇ ಸಂಗತಿಗಳನ್ನು ಕೇಳುತ್ತಾರೆ. ಮಗಳ ಮನೆಯ ಔತಣವನ್ನು ರೋಗಿಯು ನೆನೆದರೆ ಸರಿ. ಹೋದದ್ದೇ ನೆನಪಿಲ್ಲವಾದರೆ, ಪ್ರಧಾನಮಂತ್ರಿಯ ಹೆಸರು ಗೊತ್ತಿದ್ದೇನು ಫಲ? ಸ್ಮೃತಿ, ಕಾಲದೇಶಜ್ಞಾನ, ವಿವೇಚನೆ, ಊರಿನ ವ್ಯವಹಾರ, ಮನೆಯ ಕೆಲಸ ಮತ್ತು ಹವ್ಯಾಸ, ಮೈಯ ಆರೈಕೆ ಎಂಬ ಆರು ಅಂಶಗಳಿಗೆ ಸೊನ್ನೆಯಿಂದ ಮೂರರವರೆಗೆ ದರ್ಜೆ ಕೊಟ್ಟು ಕೂಡಿದರೆ, ಅತ್ಯಧಿಕವೆಂದರೆ 18. ಈ ದರ್ಜೆಗಳಲ್ಲಿ ಒಬ್ಬನನ್ನು ಇನ್ನೊಬ್ಬನೊಡನೆ ಹೋಲಿಸುವುದಿಲ್ಲ. ಅವನು ಹಿಂದೆ ಹೇಗಿದ್ದನೋ ಅದರೊಡನೆ ಮಾತ್ರ ಹೋಲಿಸುತ್ತಾರೆ. ಕೆರೆಯ ತೂಬಿನ ಕಲ್ಲುಗಂಬದಲ್ಲಿ ನೀರಿನ ಮಟ್ಟವನ್ನು ನೋಡುವ ನೀರಗಂಟಿಯು ಪಕ್ಕದ ಊರಿನ ಕೆರೆಯನ್ನು ನೆನೆಯುವುದಿಲ್ಲ. ತನ್ನ ಕೆರೆ ಕೋಡಿ ಬಿದ್ದ ದಿನ ನೀರು ಎಲ್ಲಿಯವರೆಗೆ ನಿಂತಿತ್ತೆಂಬುದನ್ನಷ್ಟೇ ನೆನೆಯುತ್ತಾನೆ. ಬರ್ಗ್ ಮತ್ತು ಅವರ ಜೊತೆಗಾರರು ಮಾಡಿದ್ದು ಅದನ್ನೇ. ಈ ಇತಿಹಾಸದಲ್ಲಿ ಇದಕ್ಕಿಂತ ಮಾನವೀಯವಾದ ಯೋಚನೆ ಇನ್ನೊಂದಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

1984ರಲ್ಲಿ ನ್ಯೂಯಾರ್ಕಿನ ವೈದ್ಯರು ಔಷಧಗಳ ಪರೀಕ್ಷೆಗೆಂದೇ 70 ಅಂಕಗಳ ಇನ್ನೊಂದು ಮಾನವನ್ನು ರಚಿಸಿದರು. 1993ರಲ್ಲಿ ಟ್ಯಾಕ್ರಿನ್ ಎಂಬ ಮೊದಲ ಔಷಧಕ್ಕೆ ಅಮೆರಿಕದ ಸರಕಾರವು ಅನುಮತಿಯನ್ನಿತ್ತಾಗ ಇಂತಹ ಅಂಕಗಳೇ ಸಾಕ್ಷಿ ನುಡಿದುವು. ಆ ಔಷಧವು ಯಕೃತ್ತಿಗೆ ಮಾಡಿದ ಕೇಡಿನಿಂದ ಬಳಕೆ ತಪ್ಪಿತು. ಮಾನವು ಮಾತ್ರ ಉಳಿದುಕೊಂಡಿತು.

ಮನುಷ್ಯನನ್ನು ಅವನ ಹಿಂದಿನ ಸ್ಥಿತಿಯೊಡನೆಯೇ ಹೋಲಿಸಬೇಕಾದರೆ, ಆ ಹಿಂದಿನ ಸ್ಥಿತಿಯನ್ನು ಯಾರಾದರೂ ಆಗಲೇ ಬರೆದಿಟ್ಟಿರಬೇಕಷ್ಟೆ. ಇಂತಹ ಭಾಗ್ಯವು ಡೇವಿಡ್ ಸ್ನೋಡನ್ ಎಂಬ ಸಂಶೋಧಕರಿಗೆ ಒಂದು ಸನ್ಯಾಸಿನೀಮಠದಲ್ಲಿ ಒದಗಿತು. 1986ರಲ್ಲಿ ಮಿನ್ನೆಸೋಟಾ ಪ್ರಾಂತದ ಮ್ಯಾಂಕೇಟೋ ಎಂಬಲ್ಲಿ ಅವರು ಕ್ರೈಸ್ತ ಸನ್ಯಾಸಿನಿಯರ ವಾರ್ಧಕ್ಯವನ್ನು ಅಭ್ಯಸಿಸಲು ಆರಂಭಿಸಿದರು. ಮುಂದೆ 75 ವರ್ಷಕ್ಕೆ ಮೇಲ್ಪಟ್ಟ 678 ಸೋದರಿಯರು ವರ್ಷವರ್ಷವೂ ಪರೀಕ್ಷೆಗೆ ಕುಳಿತುಕೊಳ್ಳಲೂ, ತೀರಿದ ಮೇಲೆ ತಮ್ಮ ಮಿದುಳನ್ನು ದಾನ ಮಾಡಲೂ ಒಪ್ಪಿದರು. ಮಠದ ಹಳೆಯ ಕಾಗದಪತ್ರಗಳಲ್ಲಿ, ದೀಕ್ಷೆ ಪಡೆಯುವ ಕಾಲಕ್ಕೆ, ಸುಮಾರು 22ನೆಯ ವಯಸ್ಸಿನಲ್ಲಿ, ಅವರಲ್ಲಿ ಹಲವರು ಸ್ವಹಸ್ತದಿಂದ ಬರೆದ ಆತ್ಮಕಥನಗಳು ದೊರೆತುವು. ಅವುಗಳಲ್ಲಿ ವಿಚಾರದ ಸಾಂದ್ರತೆ ಎಷ್ಟೆಂದು ಎಣಿಸಿ ನೋಡಿದಾಗ, ತಾರುಣ್ಯದ ಬರೆಹವು ವಿರಳವಾಗಿದ್ದವರಲ್ಲಿ ಅರ್ಧ ಶತಮಾನಕ್ಕೂ ಮೀರಿದ ಮೇಲೆ ಪರೀಕ್ಷೆಯ ಅಂಕಗಳು ಹೆಚ್ಚಾಗಿ ಕೆಳಗಿದ್ದುವೆಂದು 1996ರಲ್ಲಿ ಪ್ರಕಟವಾಯಿತು. ಸಿಸ್ಟರ್ ಮೇರಿ ಎಂದು ಪ್ರಸಿದ್ಧರಾದ ಒಬ್ಬರ ಸಂಗತಿ ಇದಕ್ಕಿಂತಲೂ ಅದ್ಭುತ. 101ನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಮುನ್ನವೂ ಅವರು ಪರೀಕ್ಷೆಗಳಲ್ಲಿ ಉತ್ತಮ ಅಂಕಗಳನ್ನು ಪಡೆದಿದ್ದರು. ಆದರೆ ಅವರ ಮಿದುಳನ್ನು ಬಿಚ್ಚಿ ನೋಡಿದಾಗ ಮಚ್ಚೆಗಳೂ ಗಂಟುಗಳೂ ಹೇರಳವಾಗಿದ್ದುವು. ನ್ಯೂಕ್ಯಾಸಲ್ಲಿನವರು ಮಿದುಳಿನ ಹಾನಿಗೂ ಬಾಳಿನ ಹಾನಿಗೂ ಬೆಸೆದಿದ್ದ ಕೊಂಡಿಯು ಎಲ್ಲರಲ್ಲಿಯೂ ಒಂದೇ ಬಿಗಿಯದಲ್ಲವೆಂದು ಇದರಿಂದ ತಿಳಿಯಬೇಕಾಯಿತು.

ಇದುವರೆಗೆ ಹೇಳಿದ ಕೋಲುಗಳೆಲ್ಲ ಓದುಬರಹ ಬಲ್ಲ ನಾಡುಗಳಲ್ಲಿ ಹುಟ್ಟಿದವು. ಅವು ಹಿಂದೂಸ್ಥಾನದ ಹಳ್ಳಿಗೆ ಬಂದ ಕಥೆ ಸ್ವಲ್ಪ ವಿಸ್ತರಿಸಿ ಹೇಳತಕ್ಕದ್ದು. 1990ರ ದಶಕದ ಮೊದಲಲ್ಲಿ, ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಮನೋವೈದ್ಯೆ ಮೇರಿ ಗಂಗೂಲಿಯವರೂ ವಿಜಯ ಚಂದ್ರ ಅವರೂ ತಮ್ಮ ಬಳಗದೊಡನೆ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ವೃದ್ಧರ ಸಮೀಕ್ಷೆಯನ್ನು ಕೈಗೊಂಡರು. 28 ಹಳ್ಳಿಗಳಲ್ಲಿ 55 ವರ್ಷ ದಾಟಿದ 5,126 ಮಂದಿ; ಅವರಲ್ಲಿ ನೂರಕ್ಕೆ 73ಕ್ಕೂ ಹೆಚ್ಚು ಮಂದಿ ಅಕ್ಷರವನ್ನೇ ಅರಿಯದವರು. ಜನ್ಮದಲ್ಲಿ ಪೆನ್ಸಿಲು ಹಿಡಿಯದವಳಿಗೆ ಪಂಚಕೋನ ಬರೆಯೆನ್ನುವುದು ಹೇಗೆ? ಇಸವಿಯ ಲೆಕ್ಕವೇ ಬೇಕಾಗದ ರೈತನಿಗೆ ಇಸವಿ ಕೇಳಿ ಅಂಕ ಕಳೆಯುವುದು ಯಾವ ನ್ಯಾಯ?

ಆದುದರಿಂದ ಅವರು ಪರೀಕ್ಷೆಯನ್ನು ಒಂದೊಂದೇ ಪ್ರಶ್ನೆಯಾಗಿ ಬಿಚ್ಚಿ, ಹಳ್ಳಿಯ ಬಾಳಿಗೆ ಒಗ್ಗುವಂತೆ ಮತ್ತೆ ಕಟ್ಟಿದರು. ನೂರರಿಂದ ಏಳೇಳು ಕಳೆಯುವ ಬದಲಿಗೆ ವಾರದ ದಿನಗಳನ್ನು ಹಿಂದುಮುಂದಾಗಿ ಹೇಳುವುದು. ಗಡಿಯಾರದ ಹೊತ್ತಿನ ಬದಲಿಗೆ ಈಗ ಬೆಳಿಗ್ಗೆಯೋ ಮಧ್ಯಾಹ್ನವೋ ಸಂಜೆಯೋ ಎಂಬುದು. ಕಣ್ಣು ಮುಚ್ಚಿರೆಂಬ ಬರೆಹವನ್ನು ಓದುವ ಬದಲಿಗೆ, ಪರೀಕ್ಷಕನು ಮಾಡಿದಂತೆಯೇ ಮಾಡಿ ತೋರಿಸುವುದು. ವಾಕ್ಯವನ್ನು ಬರೆಯುವ ಬದಲಿಗೆ ತನ್ನ ಮನೆಯ ವಿಷಯವಾಗಿ ಏನಾದರೂ ಹೇಳುವುದು. ಹಿಂದಿಯ ಈ ಪರೀಕ್ಷೆ 1995ರಲ್ಲಿ ಪ್ರಕಟವಾಯಿತು. ಆಮೇಲೆ ಮನೆಯವರನ್ನು ಕೇಳುವ ಪ್ರಶ್ನೆಗಳ ಸರದಿ. ಪಾಶ್ಚಾತ್ಯರ ಪಟ್ಟಿಯಲ್ಲಿ ಅಡಿಗೆ ಮಾಡಬಲ್ಲರೇ, ಬ್ಯಾಂಕಿನ ಲೆಕ್ಕ ಇಡಬಲ್ಲರೇ ಎಂದಿದೆ. ಆದರೆ ಕೂಡುಕುಟುಂಬದಲ್ಲಿ ಅತ್ತೆಯ ಕೈಯಿಂದ ಸೌಟು ಸೊಸೆಯ ಕೈಗೆ ಎಂದೋ ಹೋಗಿರುತ್ತದೆ. ಹಣದ ವ್ಯವಹಾರವನ್ನು ಮಗ ವಹಿಸಿಕೊಂಡಿರುತ್ತಾನೆ. ಮುದುಕಿ ಅವನ್ನು ಮಾಡದಿರುವುದು ಅಶಕ್ತಿಯಲ್ಲ, ಮಾನ. ಹೀಗಾಗಿ, ಉಂಡದ್ದನ್ನೇ ಮರೆತು ಮತ್ತೆ ಊಟ ಕೇಳುವರೇ, ಊರಿನ ಮದುವೆ ಮುಂಜಿಗಳ ಮಾತು ಬಂದಾಗ ತಕ್ಕಂತೆ ಮಾತನಾಡುವರೇ, ಬೀದಿಯಲ್ಲಿ ದಾರಿ ತಪ್ಪಿ ಅಲೆಯುವರೇ ಎಂಬಂತಹ ಪ್ರಶ್ನೆಗಳನ್ನು ಹೊಸದಾಗಿ ಹೆಣೆದರು. ಕೊನೆಗೆ 65 ದಾಟಿದವರಲ್ಲಿ ನೂರಕ್ಕೆ 1.36ರಷ್ಟು ಮಂದಿಗೆ ಮಾತ್ರ ಡಿಮೆನ್ಷಿಯಾ, ಎಂದರೆ ಬುದ್ಧಿಹಾನಿಯ ವ್ಯಾಧಿ, ಇದೆಯೆಂದು ಕಂಡುಬಂತು. ಪಾಶ್ಚಾತ್ಯ ದೇಶಗಳ ಲೆಕ್ಕಕ್ಕೆ ಇದು ಬಹಳ ಕಡಮೆ. ಆ ಕಡಮೆಯ ಕಾರಣವನ್ನು ಕುರಿತು ವಿದ್ವಾಂಸರ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಬಲ್ಲಭಗಢದ ಮುದುಕಿಯರ ಮುಂದೆ ಕುಳಿತು, ತಪ್ಪು ಮುದುಕಿಯದಲ್ಲ ಪ್ರಶ್ನೆಯದು ಎಂದು ಒಪ್ಪಿಕೊಂಡ ಆ ವಿನಯವು, ಸಂಖ್ಯೆಗಿಂತ ದೊಡ್ಡ ಲಾಭವೆಂದು ನನಗೆ ತೋರುತ್ತದೆ.

ಈಚೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ಹಿಂದಿ, ಬಂಗಾಳಿ, ತೆಲುಗು, ಮಲಯಾಳಂಗಳ ಜೊತೆಗೆ ಕನ್ನಡದಲ್ಲಿಯೂ ಇಂತಹ ಪರೀಕ್ಷೆಗಳ ಒಂದು ಸಮುಚ್ಚಯ ಸಿದ್ಧವಾಗಿ 2020ರಲ್ಲಿ ಪ್ರಕಟವಾಗಿದೆ. ಕನ್ನಡದ ವೃದ್ಧರನ್ನು ಕನ್ನಡದಲ್ಲಿಯೇ ಅಳೆಯುವುದಕ್ಕೆ ತಕ್ಕ ಸಾಧನ ನಮ್ಮ ಕೈಗೆ ಬಂದದ್ದು ತಡವಾಗಿಯೇ ಆದರೂ ಸಂತೋಷದ ವಿಷಯ.

2022ರ ಕೊನೆಯಲ್ಲಿ ಅಳತೆಗೋಲಿನ ಪ್ರಶ್ನೆ ಲೋಕದ ಮುಂದೆ ಮತ್ತೆ ತೀಕ್ಷ್ಣವಾಗಿ ಎದ್ದು ನಿಂತಿತು. ಮಿದುಳಿನ ಮಚ್ಚೆಗಳನ್ನೇ ಕರಗಿಸುವ ಲೆಕಾನೆಮಾಬ್ ಎಂಬ ಔಷಧವನ್ನು ರೋಗದ ಆರಂಭದಲ್ಲಿದ್ದ 1,795 ಮಂದಿಯಲ್ಲಿ ಪರೀಕ್ಷಿಸಿದ್ದರು. ಹದಿನೆಂಟು ತಿಂಗಳ ಮೇಲೆ, ಸೇಂಟ್ ಲೂಯಿಸಿನ ಆ 18 ಅಂಕಗಳ ಮಾನದಲ್ಲಿ, ಔಷಧ ಪಡೆದವರು 1.21ರಷ್ಟೂ ಪಡೆಯದವರು 1.66ರಷ್ಟೂ ಹದಗೆಟ್ಟಿದ್ದರು. ವ್ಯತ್ಯಾಸ 0.45. ಇದು ಆಕಸ್ಮಿಕವಲ್ಲವೆಂಬುದರಲ್ಲಿ ಗಣಿತಜ್ಞರಿಗೆ ಸಂದೇಹವಿರಲಿಲ್ಲ. ಆದರೆ ಅರ್ಧ ಅಂಕಕ್ಕೂ ಕಡಮೆಯಾದ ಈ ಅಂತರವನ್ನು ಮನೆಯಲ್ಲಿ ಜೊತೆಗಿರುವ ಹೆಂಡತಿಯಾಗಲಿ ಮಗನಾಗಲಿ ಕಾಣಬಲ್ಲರೇ ಎಂದು ಕೆಲವು ವೈದ್ಯರು ಕೇಳಿದರು; ಇಳಿತವು ಕೆಲವು ತಿಂಗಳಷ್ಟು ತಡವಾದರೂ ಆ ತಿಂಗಳುಗಳು ಆ ಮನೆಗೆ ಅಮೂಲ್ಯವಲ್ಲವೇ ಎಂದು ಇತರರು ಮರುನುಡಿದರು. ಔಷಧದಿಂದ ಕೆಲವರ ಮಿದುಳಿನಲ್ಲಿ ಊತವೂ ರಕ್ತಸ್ರಾವವೂ ಕಂಡಿದ್ದುದರಿಂದ ವಾದ ಇನ್ನಷ್ಟು ಬಿಸಿಯೇರಿತು. ನನಗಂತೂ ಎರಡನೆಯವರ ಮಾತಿನಲ್ಲಿ ಕರುಣೆಯೂ ಮೊದಲನೆಯವರ ಮಾತಿನಲ್ಲಿ ಸತ್ಯವೂ ಹೆಚ್ಚಾಗಿ ಕಾಣುತ್ತದೆ. ಮನೆಯವರ ಸಾಕ್ಷ್ಯದ ಮೇಲೆ ನಿಂತ ಮಾನವು ಮನೆಯವರಿಗೇ ಕಾಣದ ಭೇದವನ್ನು ಗೆಲುವೆಂದು ಸಾರುವುದು ಒಪ್ಪಲು ಕಷ್ಟವಾದ ಮಾತು.

ಈ ವಾದ ನಡೆಯುತ್ತಿರುವಾಗಲೇ ನಮ್ಮ ಕೋಲಾರ ಜಿಲ್ಲೆಯಲ್ಲಿ, ಮಾವಿನ ತೋಟಗಳಿಗೆ ಹೆಸರಾದ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ, ಬೇರೊಂದು ಬಗೆಯ ಕೆಲಸ ಸದ್ದಿಲ್ಲದೆ ಸಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು, ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ನೇತೃತ್ವದಲ್ಲಿ, 2018ರಲ್ಲಿ ಇಲ್ಲಿ ಒಂದು ದೀರ್ಘಕಾಲದ ಅಧ್ಯಯನವನ್ನು ಆರಂಭಿಸಿತು. 45 ವರ್ಷ ತುಂಬಿದ 10,000 ಮಂದಿ ಹಳ್ಳಿಗರನ್ನು, ಅವರು ಇನ್ನೂ ಆರೋಗ್ಯವಾಗಿರುವಾಗಲೇ, ಪರೀಕ್ಷಿಸಿ, ಆಗಾಗ ಮತ್ತೆ ಕರೆದು ಮತ್ತೆ ಪರೀಕ್ಷಿಸುವುದು ಇದರ ಸಂಕಲ್ಪ. ಸ್ಮೃತಿ, ಅವಧಾನ, ಮಾತು ಇವುಗಳ ಜೊತೆಗೆ ರಕ್ತ, ಹೃದಯ, ಕಣ್ಣು ಕಿವಿ, ಊಟ ನಿದ್ರೆ, ಮಿದುಳಿನ ಚಿತ್ರ ಇವೆಲ್ಲ ಅಲ್ಲಿ ದಾಖಲಾಗುತ್ತವೆ. ಕನ್ನಡ ತೆಲುಗು ಎರಡನ್ನೂ ಆಡುವ ಈ ಗಡಿನಾಡಿನ ರೈತರಲ್ಲಿ ಎಷ್ಟೋ ಮಂದಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರ ಬುದ್ಧಿ ಸುಸ್ಥಿತಿಯಲ್ಲಿದ್ದಾಗಿನ ಮಟ್ಟ ಎಲ್ಲಿತ್ತೆಂದು ಆಗಲೇ ಬರೆದಿಡುವ ಪ್ರಯತ್ನವು ನಮ್ಮ ಗ್ರಾಮಾಂತರದಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿರುವುದು ದೊಡ್ಡ ಮಾತು. ಆರಂಭದ ವರ್ಷದಲ್ಲಿ 45ನೆಯ ವಯಸ್ಸಿನಲ್ಲಿ ಮೊದಲ ಪರೀಕ್ಷೆಗೆ ಕುಳಿತವರಿಗೆ 65 ತುಂಬುವುದು 2038ರಲ್ಲಿ. ಈಗ ಬರೆದಿಟ್ಟ ಅಂಕಗಳನ್ನು ಓದುವ ಕಾಲ ಅಲ್ಲಿಂದ ಮೊದಲಾಗುತ್ತದೆ.